ಇನ್ನೊಂದು ತುದಿ

ಒಂದು ಜಡೆ ಹೆಣೆದು ಮುಗಿದಿತ್ತು. ಎರಡನೆಯದಕ್ಕೆ ಕೂದಲನ್ನು ಮೂರು ಎಳೆ ಮಾಡಿಕೊಂಡಿದ್ದಳಷ್ಟೆ, ಕೆಳಗೆ ಬೀದಿಯಲ್ಲಿ ಲಾಂಡ್ರಿಯ ವ್ಯಾನು ಹಾರ್ನ್ ಹೊಡೆಯಿತು.

"ಇಷ್ಟು ಬೇಗನಾ?" ಎಂದು ಸೊಸೆ ಕಿಟಕಿಯತ್ತ ಕತ್ತು ಚಾಚಿದಳು. ಬಾಯಲ್ಲಿ ಕಚ್ಚಿಕೊಂಡಿದ್ದ ರಿಬ್ಬನ್ನು ಕೆಳಗೆ ಬಿತ್ತು. ವ್ಯಾನು ಮತ್ತೆ ಹಾರ್ನ್ ಹೊಡೆಯಿತು. ಅದು ಕಾಯುವ ವ್ಯಾನಲ್ಲ.

ಪುಟ್ಟಿ ಎರಡು ಕೈಯಿಂದಲೂ ತಾಯಿಯ ಮೊಣಕಾಲು ಹಿಡಿದುಕೊಂಡು ಕೂತಿದ್ದಳು. ತಲೆ ಅಲ್ಲಾಡಿಸದೆ ಕೇಳಿದಳು, "ಅಮ್ಮಾ, ಒಂದು ಕೇಳ್ಲಾ?"

"ಸಂಜೆ ಕೇಳು ಬಂಗಾರ."

"ನಿನ್ನೇನೂ ಸಂಜೆ ಅಂದೆ."

"ನಿನ್ನೆ ಸುಸ್ತಾಗಿತ್ತು ಕಣೇ."

"ಇವತ್ತೂ ಆಗುತ್ತೆ" ಎಂದಳು ಪುಟ್ಟಿ. ಅದು ದೂರಲ್ಲ. ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದಳು.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಕೈ ಮುಂದೆ ಮಾಡಿದರು. "ಬಾ ಇಲ್ಲಿ ಕೂಸೇ, ನಾನು ಹೆಣೀತೀನಿ. ಈ ಮನೇಲಿ ಕೆಲಸ ಇಲ್ದೋಳು ನಾನೊಬ್ಳೇ ತಾನೆ. ನೀನು ನಡಿಯೇ, ಅವನು ಹಾರ್ನ್ ಹೊಡೆದೇ ಬೀದಿ ಎಬ್ಬಿಸ್ತಾನೆ."

ಅತ್ತೆ ಮೂರು ಎಳೆಯನ್ನು ಬೆರಳ ಸಂದಿಗೆ ತೆಗೆದುಕೊಂಡರು. ಬಲಗೈಯ ಹೆಬ್ಬೆರಳು ಮರದ ತುಂಡಿನಂತೆ ನೆಟ್ಟಗೆ ನಿಂತಿತ್ತು. ಒಂದು ಎಳೆ ಜಾರಿತು. ಅದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು. ಸೊಸೆ ಅದನ್ನು ಒಂದು ಗಳಿಗೆ ನೋಡಿದಳು. ಮತ್ತೊಂದು ಗಳಿಗೆ ನೋಡಿದ್ದರೆ ಕಾಲು ಹೊಸಿಲು ದಾಟುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದಳು.

ಅತ್ತೆ, ಸೊಸೆ ಎನ್ನುವುದು ಮನೆಯ ಸಂಬಂಧವಷ್ಟೇ ಆಗಿರಲಿಲ್ಲ. ಲಾಂಡ್ರಿಯಲ್ಲೂ ಅದೇ ಹೆಸರು. ಮೇಸ್ತ್ರಿಯಿಂದ ಕಸ ಗುಡಿಸುವವಳವರೆಗೆ ಎಲ್ಲರೂ ಮುದುಕಿಯನ್ನು ಅತ್ತೆ ಎಂದೇ, ಇವಳನ್ನು ಸೊಸೆ ಎಂದೇ ಕರೆಯುತ್ತಿದ್ದರು. ಇವಳ ಗಂಡ ದೂರದ ಊರುಗಳಲ್ಲಿ ಕಟ್ಟಡ ಕಟ್ಟುತ್ತಿದ್ದ. ಮುಗಿದ ಕಟ್ಟಡಕ್ಕೂ ಮುಂದಿನ ಕಟ್ಟಡಕ್ಕೂ ನಡುವೆ ಮನೆಗೆ ಬರುತ್ತಿದ್ದ. ಉಳಿದ ಕಾಲವೆಲ್ಲ, ಅತ್ತೆ ಹೀಗೆ ಮನೆಯಲ್ಲಿ ಕೂರುವ ಮುಂಚೆ, ಈ ಇಬ್ಬರು ಹೆಂಗಸರು ಒಂದೇ ಒಲೆ, ಒಂದೇ ವ್ಯಾನು, ಒಂದೇ ಶೀಟಿನ ಎರಡು ತುದಿ.

ವ್ಯಾನಿನಲ್ಲಿ ಮೆಣಸಿನಕಾಯಿ ಜಾಗ ಹಿಡಿದಿಟ್ಟಿದ್ದಳು. ನಾಲಿಗೆ ಖಾರವೆಂದು ಆ ಹೆಸರು. ಮನಸ್ಸು ಹಾಗಲ್ಲ.

"ಬಾರೇ ನಾಟಕದ ರಾಣಿ. ಇವತ್ತು ನಿಂದೇ ಅಂತೆ ದರ್ಬಾರು."

"ಏನು ದರ್ಬಾರು?"

"ಬೇರೆ ಊರಿನ ಶಾಖೆಯೋರು ಬರ್ತಿದ್ದಾರೆ. ಅಲ್ಲೂ ನಮ್ಮಲ್ಲಿ ಮಾಡಿದ ಹಾಗೇ ಬದಲಾವಣೆ ಮಾಡ್ತಾರಂತೆ. ನೀನು ಶೀಟು ಮಡಚಿ ತೋರಿಸ್ಬೇಕು. ಆಮೇಲೆ ಎರಡು ಮಾತಾಡ್ಬೇಕು. ಮೊದಲು ಭಯ ಇತ್ತು, ಈಗ ಸುಖವಾಗಿದೀನಿ ಅಂತ."

"ನಂಗ್ಯಾರೂ ಹೇಳಲಿಲ್ಲ."

"ಕುರಿಯನ್ನ ಕೇಳಿ ಮಸಾಲೆ ಅರೀತಾರೇನೆ?"

ಹಿಂದಿನ ಸೀಟಿನವರು ನಕ್ಕರು. ಸೊಸೆ ನಗಲಿಲ್ಲ. ಅವಳ ಮೊಣಕಾಲಿನ ಮೇಲೆ ಪುಟ್ಟಿಯ ಕೈ ಒತ್ತಿದ ಬಿಸಿ ಇನ್ನೂ ಇತ್ತು.

ಶೀಟು ಮಡಚುವ ಕೆಲಸ ಇಬ್ಬರದು. ನೋಡಿದವರಿಗೆ ಆಟದ ಹಾಗೆ ಕಾಣುತ್ತದೆ. ಆಸ್ಪತ್ರೆಯ ಶೀಟು, ಹೋಟೆಲಿನ ಶೀಟು, ಎಲ್ಲ ಇಸ್ತ್ರಿ ಮಾಡುವ ರೋಲರಿನ ಬಾಯಿಂದ ಕಾದ ಹಂಚಿನಂತೆ ಹೊರಗೆ ಬರುತ್ತವೆ. ಇಬ್ಬರು ಎದುರುಬದುರು ನಿಂತು ಎರಡೆರಡು ತುದಿ ಹಿಡಿಯಬೇಕು. ಜಗ್ಗಿ ಒಮ್ಮೆ ಒದರಬೇಕು. ಒಬ್ಬಳು ನಡೆದು ಬಂದು ತನ್ನ ತುದಿಗಳನ್ನು ಇನ್ನೊಬ್ಬಳ ಕೈಗೆ ಕೊಡಬೇಕು, ಬಗ್ಗಿ ಕೆಳಗೆ ಜೋತ ಮಡಿಕೆ ಎತ್ತಿಕೊಂಡು ಹಿಂದೆ ಸರಿಯಬೇಕು. ಮತ್ತೆ ಬರಬೇಕು. ಬೆಳಗಿನಿಂದ ಸಂಜೆಯವರೆಗೆ ಲಾಂಡ್ರಿಯ ಇಡೀ ಹಾಲಿನ ತುಂಬ ಹೆಂಗಸರು ಹೀಗೆ ಹತ್ತಿರ ಬರುತ್ತಿದ್ದರು, ದೂರ ಹೋಗುತ್ತಿದ್ದರು. ಹತ್ತಿರ ಬಂದಾಗ ಒಂದು ಮಾತು. ದೂರ ಹೋದಾಗ ಉತ್ತರ ಯೋಚಿಸಲು ಸಮಯ. ಎಷ್ಟೋ ಮದುವೆಗಳು, ಎಷ್ಟೋ ಜಗಳಗಳು ಆ ಶೀಟುಗಳ ನಡುವೆ ತೀರ್ಮಾನವಾಗಿದ್ದವು.

ಅತ್ತೆಯ ಹೆಬ್ಬೆರಳನ್ನು ಬಹಳ ಹಿಂದೆ ರೋಲರು ತಿಂದಿತ್ತು. ಅಂದು ಮೇಸ್ತ್ರಿ ಮುಲಾಮು ಹಚ್ಚಿ, ಅರ್ಧ ದಿನ ಮನೆಗೆ ಕಳಿಸಿ, ಮರುದಿನ ಬಾ ಎಂದಿದ್ದ. ಬೆರಳು ಮಡಚಿಕೊಳ್ಳಲೇ ಇಲ್ಲ. ಆದರೆ ಜೋಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಡೆಯುವುದು, ಬಗ್ಗುವುದು, ಎತ್ತುವುದು ಸೊಸೆಯ ಪಾಲು. ಅತ್ತೆ ನಿಂತಲ್ಲೇ ಎರಡೂ ಕೈ ಚಾಚುತ್ತಿದ್ದರು. ಅಂಗೈಗೂ ನಾಲ್ಕು ಬೆರಳಿಗೂ ನಡುವೆ ತುದಿ ಸಿಕ್ಕಿಸಿಕೊಳ್ಳುತ್ತಿದ್ದರು. ಹಾಲಿನಲ್ಲಿ ಪ್ರತಿ ಜೋಡಿಯೂ ಇಂಥದೊಂದನ್ನು ಬಚ್ಚಿಟ್ಟುಕೊಂಡಿತ್ತು. ಒಬ್ಬಳ ಕೀಲುನೋವು, ಒಬ್ಬಳ ಬಸುರು, ಒಬ್ಬಳ ಕುರುಡಾಗುತ್ತಿದ್ದ ಕಣ್ಣು. ಜೋಡಿ ಎಂದರೆ ಅದೇ. ಒಬ್ಬಳ ಕುಂಟು ಇನ್ನೊಬ್ಬಳ ಕಾಲಲ್ಲಿ ಅಡಗುತ್ತಿತ್ತು.

ಆಮೇಲೆ ಯಜಮಾನರು ಕಳಿಸಿದ ಬದಲಾವಣೆ ಮೇಡಂ ಬಂದಳು.

ಚಿಕ್ಕ ವಯಸ್ಸು. ಮೆತ್ತಗಿನ ದನಿ. ಎಲ್ಲರನ್ನೂ ಅಕ್ಕ, ಅಮ್ಮ ಎಂದೇ ಮಾತಾಡಿಸಿದಳು. ಬೋರ್ಡಿನ ಮೇಲೆ ಒಂದು ಹೊಳೆ ಬರೆದಳು. ಈ ದಡದಲ್ಲಿ ಹಳೆಯ ಪದ್ಧತಿ, ಆ ದಡದಲ್ಲಿ ಹೊಸದು. ನಡುವೆ ದೋಣಿ. ದೋಣಿಯಲ್ಲಿ ನಗುವ ಮುಖಗಳು. "ಬದಲಾವಣೆ ಅಂದ್ರೆ ಭಯ ಸಹಜ. ಕೈ ಹಿಡಿದು ದಾಟೋಣ. ಯಾರನ್ನೂ ಹಿಂದೆ ಬಿಡಲ್ಲ" ಎಂದಳು.

"ಹೊಳೆ ದಾಟಿದ ಮೇಲೆ ಅಂಬಿಗನ್ನ ಏನಂತಾರೆ ಅನ್ನೋ ಗಾದೆ ಈ ಹುಡುಗಿಗೆ ಗೊತ್ತಿಲ್ಲ ಪಾಪ" ಎಂದು ಮೆಣಸಿನಕಾಯಿ ಪಿಸುಗುಟ್ಟಿದಳು. ಹಿಂದಿನ ಸಾಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿತು.

ಹೊಸ ಪದ್ಧತಿಯಲ್ಲಿ ಜೋಡಿ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಂಬ. ಕಂಬಕ್ಕೆ ಎರಡು ಕ್ಲಿಪ್ಪು. ಶೀಟಿನ ಒಂದು ಕಡೆ ಕ್ಲಿಪ್ಪಿಗೆ ಕಚ್ಚಿಸಿ, ಇನ್ನೊಂದು ಕಡೆ ತಾನು ಹಿಡಿದು ಮಡಚಬೇಕು. ಕಂಬದ ತುದಿಗೆ ದೀಪ. ಕೈ ಸಾಕಷ್ಟು ಬೇಗ ನಡೆದರೆ ಹಸಿರು. ಹಿಂದೆ ಬಿದ್ದರೆ ಕೆಂಪು.

"ಪ್ರಶ್ನೆ ಇದ್ರೆ ಕೇಳಿ" ಎಂದಳು ಮೇಡಂ. ಅತ್ತೆ ಎದ್ದು ನಿಂತರು.

"ಶೀಟಿನ ಇನ್ನೊಂದು ತುದಿ ಯಾರು ಹಿಡೀತಾರೆ ತಾಯಿ?"

"ಕ್ಲಿಪ್ ಹಿಡಿಯುತ್ತಲ್ಲಮ್ಮಾ."

"ಅದಕ್ಕೆ ನಮ್ಮ ಕಷ್ಟಸುಖ ಹೇಳ್ಕೋಬಹುದಾ?"

ಹಾಲೆಲ್ಲ ನಕ್ಕಿತು. ಮೇಡಮ್ಮೂ ನಕ್ಕಳು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಬೇಕಾಯಿತು. ಪ್ರತಿ ಸಭೆ ಮುಗಿದಾಗಲೂ ಚಪ್ಪಾಳೆ ತಟ್ಟಬೇಕೆಂಬುದೂ ಹೊಸ ಪದ್ಧತಿಯಲ್ಲಿ ಸೇರಿತ್ತು.

ಮೊದಲು ಮಡಚಿ ತೋರಿಸಲು ಮೇಸ್ತ್ರಿ ಸೊಸೆಯನ್ನು ಆರಿಸಿದ. ಬದಿಗೆ ಕರೆದು ಹೇಳಿದ, "ನೋಡು, ನಮ್ಮ ಹಾಲಿನ ಮಾನ ನಿನ್ನ ಕೈಲಿದೆ. ಯಜಮಾನರು ಖುಷಿಯಾದ್ರೆ ಯಾರ ತಂಟೆಗೂ ಬರಲ್ಲ. ಮುಖ ಗಂಟು ಹಾಕಿದ್ರೆ ಅರ್ಧ ಜನ ಮನೆಗೆ."

ಸೊಸೆ ನಂಬಿದಳು. ಚೆನ್ನಾಗಿ ದುಡಿದವರನ್ನು ಇಟ್ಟುಕೊಳ್ಳುತ್ತಾರೆ ಎಂದು ಹುಟ್ಟಿದಂದಿನಿಂದ ಕೇಳಿ ಬೆಳೆದವಳು. ಅತ್ತೆಯ ಹೆಬ್ಬೆರಳು ನೆನೆದಳು. ಮೆಣಸಿನಕಾಯಿಯ ಸೊಂಟ ನೆನೆದಳು. ಎಲ್ಲರ ಪರವಾಗಿ ತಾನೊಬ್ಬಳೇ ಈ ಓಟ ಓಡಿಬಿಟ್ಟರೆ ಮುಗಿಯಿತು ಎಂದುಕೊಂಡಳು. ಉಸಿರು ಬಿಗಿಹಿಡಿದು ಮಡಚಿದಳು. ಎಂದೂ ಮಡಚದಷ್ಟು ಬೇಗ ಮಡಚಿದಳು. ಮೇಡಂ ಫೋನಿನಲ್ಲಿ ವಿಡಿಯೋ ಹಿಡಿದಳು.

ಅತ್ತೆಯನ್ನು ಹಿಂದೆ ನಿಲ್ಲಿಸಿದ್ದರು. ಸೊಸೆ ಶೀಟು ಎತ್ತಿ ಒದರಿದಾಗ ಮುದುಕಿಯ ಎರಡೂ ಕೈ ತಾವಾಗಿಯೇ ಮೇಲೆದ್ದವು. ಅಭ್ಯಾಸ. ತುದಿ ಬರುತ್ತದೆಂದು ಕಾದವು. ತುದಿ ಕ್ಲಿಪ್ಪಿಗೆ ಹೋಯಿತು. ಯಾರೋ ನಕ್ಕರು. ಎಲ್ಲರೂ ನಕ್ಕರು. ತಿರುಗಿ ನೋಡಿದ ಸೊಸೆಯೂ ನಕ್ಕಳು. ಅತ್ತೆಯೂ ನಕ್ಕರು. ಕೈ ಮಾತ್ರ ಕೆಳಗಿಳಿಯಲು ತುಸು ಹೊತ್ತು ಹಿಡಿಯಿತು.

ಅಂದು ಸೊಸೆಯ ಕೈ ಓಡಿದ ಓಟವೇ ಎಲ್ಲರ ಲೆಕ್ಕವಾಯಿತು. ದೀಪಕ್ಕೆ ಅದನ್ನೇ ಕಲಿಸಿದರು. ಆ ಓಟವನ್ನು ದಿನವಿಡೀ ಓಡಿದರೆ ಹಸಿರು. ಇಲ್ಲವಾದರೆ ಕೆಂಪು. ಓಡಿದವಳಿಗೇ ಮಧ್ಯಾಹ್ನದ ಮೇಲೆ ದೀಪ ಕೆಂಪಾಗುತ್ತಿತ್ತು. ವಿಡಿಯೋ ಎಲ್ಲರ ಫೋನಿಗೂ ಬಂತು. 'ನಮ್ಮ ಸಹೋದರಿ ಮಾಡಬಲ್ಲಳು, ನೀವೂ ಮಾಡಬಲ್ಲಿರಿ' ಎಂದು ಅದರ ಮೇಲೆ ಬರೆದಿತ್ತು. ಊಟದ ಕೋಣೆಯ ಗೋಡೆಯ ಟಿ.ವಿ.ಯಲ್ಲೂ ಅದೇ ಓಡಿತು. ಹೆಂಗಸರು ಡಬ್ಬಿ ಬಿಚ್ಚಿಕೊಂಡು, ತಲೆ ಎತ್ತದೆ ಉಂಡರು. ಕೆಲವರು ಸೊಸೆಯ ಪಕ್ಕ ಕೂರುವುದನ್ನು ಬಿಟ್ಟರು.

ಮನೆಯಲ್ಲಿ ಪುಟ್ಟಿಗೆ ಮಾತ್ರ ಅದು ಹಬ್ಬ. "ನಮ್ಮಮ್ಮ ಫೋನಲ್ಲಿ ಬಂದಿದ್ದಾಳೆ" ಎಂದು ನೆರೆಮನೆಯವರಿಗೆಲ್ಲ ತೋರಿಸಿದಳು. ಮಲಗುವ ಮುಂಚೆ ಒಮ್ಮೆ, ಎದ್ದ ಮೇಲೆ ಒಮ್ಮೆ ನೋಡಿದಳು. ಒಂದು ದಿನ ನೋಡುವುದನ್ನು ಬಿಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ.

ಅತ್ತೆಯ ಕಂಬದ ದೀಪ ಹಸಿರಾಗಲೇ ಇಲ್ಲ. ಕ್ಲಿಪ್ಪು ಒತ್ತಲು ಹೆಬ್ಬೆರಳು ಬೇಕು. ಅವರು ಅಂಗೈಯಿಂದ ಒತ್ತಿದರು. ಮೊಣಕೈಯಿಂದ ಒತ್ತಿದರು. ಒಮ್ಮೆ ಹಲ್ಲಿನಿಂದ ಕಚ್ಚಿದರು, ಮೇಸ್ತ್ರಿ ನೋಡಿ "ಹೋಟೆಲಿನ ಶೀಟಿಗೆ ಎಂಜಲು ಮಾಡ್ತೀಯಾ?" ಎಂದು ಹಾಲಿಗೆಲ್ಲ ಕೇಳುವಂತೆ ಕೂಗಿದ. ಸೊಸೆ ತನ್ನ ಕಂಬ ಬಿಟ್ಟು ಓಡಿ ಹೋಗಿ ತುದಿ ಹಿಡಿದಳು. ಅವಳ ದೀಪವೂ ಕೆಂಪಾಯಿತು. "ನೀನು ಹೋಗೇ. ಇಬ್ಬರೂ ಮುಳುಗೋದು ಬೇಡ" ಎಂದರು ಅತ್ತೆ, ಮುಖ ನೋಡದೆ. ಸೊಸೆ ಹೋದಳು.

ಅತ್ತೆಯನ್ನು ಕೊಳೆ ಕೋಣೆಗೆ ಕಳಿಸಿದರು. ಆಸ್ಪತ್ರೆಯ ಮೂಟೆ ಬಿಚ್ಚಿ, ರಕ್ತ ಹತ್ತಿದ್ದು ಬೇರೆ, ಹೇಲು ಹತ್ತಿದ್ದು ಬೇರೆ ಎಂದು ಕೈಯಿಂದ ವಿಂಗಡಿಸುವ ಕೋಣೆ. ಕಿಟಕಿ ಇಲ್ಲ. ಅಲ್ಲಿಂದ ಯಾರೂ ಹಾಲಿಗೆ ಮರಳಿದ್ದಿಲ್ಲ. ಒಂದು ದಿನ ಶೀಟಿನ ಮಡಿಕೆಯಲ್ಲಿ ಯಾವುದೋ ನರ್ಸು ಮರೆತ ಸೂಜಿ ಅತ್ತೆಯ ಹೆಬ್ಬೆರಳಿಗೆ ಚುಚ್ಚಿ ನಿಂತಿತ್ತು. ಸತ್ತ ಬೆರಳು, ಅವರಿಗೆ ತಿಳಿಯಲೂ ಇಲ್ಲ. ಪಕ್ಕದವಳು ನೋಡಿ ಚೀರಿದಳು. ಆ ವಾರವೇ 'ಹೊಸ ಪದ್ಧತಿಗೆ ಹೊಂದಿಕೊಳ್ಳಲಿಲ್ಲ' ಎಂದು ಮನೆಗೆ ಕಳಿಸಿದರು. ಹೋಗುವಾಗ ಒಂದು ಸಭೆ, ಒಂದು ಚಪ್ಪಾಳೆ, ಒಂದು ಟವೆಲು.

ಅತ್ತೆ ಟವೆಲನ್ನು ಮಂಚದ ಮೇಲಿಟ್ಟು ಹೇಳಿದರು, "ಮಡಚೇ ಕೊಟ್ಟಿದ್ದಾರೆ ನೋಡು. ಅಷ್ಟು ಕೆಲಸಾನೂ ನಂಗೆ ಉಳಿಸಿಲ್ಲ ಪುಣ್ಯಾತ್ಮರು."

ಯಾರನ್ನೂ ಹಿಂದೆ ಬಿಡಲ್ಲ ಎಂದಿದ್ದ ಮೇಡಂ ಅಂದು ರಜೆಯಲ್ಲಿದ್ದಳು.

ಈ ದಿನ ವ್ಯಾನು ಲಾಂಡ್ರಿ ಮುಟ್ಟುವ ಹೊತ್ತಿಗೆ ಹಾಲನ್ನು ತೊಳೆದಿದ್ದರು. ಗೋಡೆಗೆ ಬಣ್ಣದ ಕಾಗದ ಅಂಟಿಸಿದ್ದರು. ಬೇರೆ ಊರಿನ ಶಾಖೆಯ ಹೆಂಗಸರು ಒಂದು ಬದಿಗೆ ಗುಂಪಾಗಿ ನಿಂತಿದ್ದರು. ತಪ್ಪು ನಿಲ್ದಾಣದಲ್ಲಿ ಇಳಿದವರ ನಗು ಅವರ ಮುಖದ ಮೇಲಿತ್ತು. ಅವರ ನಡುವೆ ಒಬ್ಬ ಮುದುಕಿ. ಗಿಡ್ಡ ದೇಹ. ಬಗಲಿಗೆ ಊಟದ ಡಬ್ಬಿ ಅವಚಿಕೊಂಡಿದ್ದಳು. ಇಲ್ಲಿ ಇಡಲು ಜಾಗವಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಯಜಮಾನರು ಮುಂದಿನ ಕುರ್ಚಿಯಲ್ಲಿ ಕೂತರು. ಮೇಡಂ ಮತ್ತೆ ಹೊಳೆ ಬರೆದಳು. ಅದೇ ದೋಣಿ, ಅದೇ ಮುಖಗಳು. ಆಮೇಲೆ ಸೊಸೆಯ ಕಡೆ ಕೈ ತೋರಿಸಿದಳು. "ಇವರೇ ನಮ್ಮ ಅಕ್ಕ. ವಿಡಿಯೋದಲ್ಲಿ ನೋಡಿದ್ದೀರಲ್ಲ. ಅಕ್ಕ, ತೋರಿಸ್ತೀರಾ?"

ಸೊಸೆ ಮುಂದೆ ಬಂದಳು. ರೋಲರಿನಿಂದ ಶೀಟು ಎತ್ತಿಕೊಂಡಳು. ಬಿಸಿ ಅಂಗೈಗೆ ಹತ್ತಿತು. ಕಂಬದ ಕಡೆ ಎರಡು ಹೆಜ್ಜೆ ಹಾಕಿದಳು. ಕ್ಲಿಪ್ಪು ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ಆಗ ಆ ಮುದುಕಿಯನ್ನು ನೋಡಿದಳು. ಇಂದು ತಾನು ಓಡಿದರೆ ಆ ಓಟ ಇವರ ಬಸ್ಸಿನಲ್ಲಿ ಇವರ ಊರಿಗೂ ಹೋಗುತ್ತದೆ. ಅಲ್ಲಿಯೂ ಒಂದು ಕೊಳೆ ಕೋಣೆ ಇದ್ದೇ ಇರುತ್ತದೆ. ಓಡದಿದ್ದರೆ ಮನೆಯಲ್ಲಿ ಒಲೆ ಉರಿಸುವ ಕೈ ಇನ್ನೊಂದಿಲ್ಲ. ಎರಡೂ ಅವಳಿಗೆ ಒಟ್ಟಿಗೇ ತಿಳಿಯಿತು.

ಸೊಸೆ ಕಂಬಕ್ಕೆ ಬೆನ್ನು ಹಾಕಿದಳು. ಶೀಟನ್ನು ಒಮ್ಮೆ ಒದರಿ, ಎರಡು ತುದಿ ತನ್ನ ಕೈಯಲ್ಲಿ ಇಟ್ಟುಕೊಂಡು, ಉಳಿದೆರಡನ್ನು ಒಟ್ಟು ಮಾಡಿ ಹೆಂಗಸರ ಕಡೆ ಚಾಚಿದಳು.

"ಯಾರಾದ್ರೂ ಹಿಡ್ಕೊಳ್ಳಿ" ಎಂದಳು.

"ಅಕ್ಕ, ಕ್ಲಿಪ್..." ಎಂದಳು ಮೇಡಂ.

"ಇದು ಇಬ್ಬರ ಕೆಲಸ. ಒಬ್ಬಳು ಮಾಡಿದ್ರೆ ಇನ್ನೊಬ್ಬಳು ಸಾಯ್ತಾಳೆ. ಹಿಡ್ಕೊಳ್ಳಿ ಯಾರಾದ್ರೂ."

ಯಾರೂ ಅಲ್ಲಾಡಲಿಲ್ಲ. ರೋಲರು ತನ್ನ ಪಾಡಿಗೆ ಉರುಳುತ್ತಿತ್ತು. ಸೊಸೆ ಮೆಣಸಿನಕಾಯಿಯನ್ನು ನೋಡಿದಳು. ಮೆಣಸಿನಕಾಯಿ ತನ್ನ ಕಂಬದ ಕ್ಲಿಪ್ಪನ್ನು ನೋಡಿದಳು. ಅದರಲ್ಲಿ ಏನೋ ಸಿಕ್ಕಿಕೊಂಡಿರುವಂತೆ ಉಗುರಿನಿಂದ ಕೆರೆದಳು. ಇಡೀ ಲಾಂಡ್ರಿಯಲ್ಲಿ ಹೆದರದ ನಾಲಿಗೆ ಅದೊಂದೇ. ಅವಳ ಮನೆಯಲ್ಲೂ ಒಲೆ ಇತ್ತು. ಸೊಸೆಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ಶೀಟಿನ ನಡು ಜೋತು ನೆಲ ಮುಟ್ಟಿತು. ಅಷ್ಟರಲ್ಲಿ ಗುಂಪಿನ ಮುದುಕಿಯ ಕೈಗಳು ಎದ್ದವು. ಡಬ್ಬಿ ಬಗಲಿನಿಂದ ಜಾರಿ ನೆಲಕ್ಕೆ ಬಿದ್ದು ಉರುಳಿತು. ಯಾರೋ ನಕ್ಕರು. ಮುದುಕಿ ನಾಚಿ, ಕೈ ಇಳಿಸಿ, ಬಗ್ಗಿ ಡಬ್ಬಿ ಹುಡುಕಿದಳು. ಅವರ ಶಾಖೆಯ ಮೇಸ್ತ್ರಿ ಅವಳ ತೋಳು ಹಿಡಿದು ಹಿಂದಕ್ಕೆ ನಿಲ್ಲಿಸಿದ.

ಯಜಮಾನರು ಕೈಗಡಿಯಾರ ನೋಡಿಕೊಂಡರು. "ಬೇರೆಯವರಿಲ್ವಾ?" ಎಂದು ಕೇಳಿದರು. ಸಿಟ್ಟಿಲ್ಲ. ಕೆಟ್ಟ ಬಲ್ಬು ಬದಲಾಯಿಸಿ ಎನ್ನುವ ದನಿ.

ಇಲ್ಲಿನ ಮೇಸ್ತ್ರಿ ಸೊಸೆಯ ಕೈಯಿಂದ ಶೀಟು ಕಿತ್ತುಕೊಂಡ. ಹೊಸದಾಗಿ ಸೇರಿದ್ದ ಒಬ್ಬಳನ್ನು ಕರೆದ. ಹರೆಯದ ಹೆಂಗಸು. ಮನೆಯಲ್ಲಿ ಕೈಗೂಸು. ಅವಳು ಸೊಸೆಯ ಮುಖ ನೋಡದೆ ಕಂಬದ ಬಳಿ ನಿಂತಳು, ಉಸಿರು ಬಿಗಿಹಿಡಿದಳು, ಮಡಚಿದಳು. ಸೊಸೆಗಿಂತ ಬೇಗ. ಬಹಳ ಬೇಗ. ದೀಪ ಹಸಿರಾಯಿತು. ಮೇಡಂ ಫೋನು ಎತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಣಸಿನಕಾಯಿಯೂ ತಟ್ಟಿದಳು. ಆ ಹೆಂಗಸಿನ ಮುಖದಲ್ಲಿ ಒಂದು ನಗು ಮೂಡಿತು. ಎಲ್ಲರನ್ನೂ ತಾನು ಉಳಿಸಿದೆ ಎನ್ನುವ ನಗು. ಆ ನಗು ಸೊಸೆಗೆ ಚೆನ್ನಾಗಿ ಗೊತ್ತಿತ್ತು.

ಸೊಸೆಯನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಮಾತು ಬರುತ್ತದೆ. "ನಾಳೆಯಿಂದ ಕೊಳೆ ಕೋಣೆ" ಎಂದ ಮೇಸ್ತ್ರಿ. "ನಾಳೆ ಯಾಕೆ, ಈಗ್ಲೇ ಹೋಗ್ತೀನಿ" ಎಂದಳು ಸೊಸೆ. ಅವಳು ಆ ದಿನ ಗೆದ್ದದ್ದು ಅಷ್ಟೇ.

ಸಂಜೆ ಬೀದಿಯ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದುಕೊಂಡಳು. ವಾಸನೆ ಹೋಗಲಿಲ್ಲ. ಮತ್ತೆ ತೊಳೆದುಕೊಂಡು ಮೆಟ್ಟಿಲು ಹತ್ತಿದಳು.

ಪುಟ್ಟಿ ಬಾಗಿಲಲ್ಲೇ ಕೂತಿದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಕೂದಲು ಹರಡಿ ಹೆಗಲಿಗೆ ಬಿದ್ದಿತ್ತು. ರಿಬ್ಬನ್ನು ಕೈಗೆ ಸುತ್ತಿಕೊಂಡಿದ್ದಳು.

"ಹೀಗೇ ಶಾಲೆಗೆ ಹೋದ್ಯಾ?"

"ಹೂಂ. ಅಜ್ಜಿ ತುಂಬಾ ಸಲ ಮಾಡಿದ್ರು. ಬಿಚ್ಚಿಕೊಳ್ತಾನೇ ಇತ್ತು."

"ಯಾರಾದ್ರೂ ನಕ್ಕರಾ?"

"ನಕ್ಕರು" ಎಂದಳು ಪುಟ್ಟಿ. "ನಾನೂ ನಕ್ಕೆ."

ಒಳಗಿನಿಂದ ಅತ್ತೆ ಮೂಗು ಅರಳಿಸಿದರು. ಆ ವಾಸನೆ ಅವರಿಗೆ ಹೊಸದಲ್ಲ. ಸೊಸೆಯ ಕೈ ನೋಡಿದರು, ಮುಖ ನೋಡಿದರು. ಆಮೇಲೆ ಒಲೆಯ ಕಡೆ ತಿರುಗಿ ಹೇಳಿದರು, "ಮೂಟೆ ಬಿಚ್ಚುವಾಗ ಕೈ ಒಳಗೆ ಹಾಕಬೇಡ್ವೇ. ಬುಡ ಹಿಡಿದು ಸುರೀಬೇಕು. ಸೂಜಿ ಇದ್ರೆ ಮೊದಲು ಅದೇ ಬೀಳುತ್ತೆ."

"ಆಯ್ತು ಅತ್ತೆ."

ಬೆಳಿಗ್ಗೆ ಒಣಹಾಕಿದ್ದ ಹೊದಿಕೆ ಮಂಚದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಒಬ್ಬರೇ ಮಡಚಲು ಅತ್ತೆಯ ಕೈಗೆ ಅದು ಒಗ್ಗಿರಲಿಲ್ಲ. ಸೊಸೆ ನೆಲಕ್ಕೆ ಕೂತು ಪುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಸಿಕ್ಕು ಬಿಡಿಸಿದಳು. ಕೂದಲನ್ನು ಮೂರು ಎಳೆ ಮಾಡಿದಳು. ಇನ್ನೇನು ಮಲಗುವ ಹೊತ್ತಿಗೆ ಬಿಚ್ಚಬೇಕಾದ ಜಡೆಯನ್ನು ನಿಧಾನವಾಗಿ ಹೆಣೆಯತೊಡಗಿದಳು. ಮಗಳ ಕತ್ತು ಬೆಚ್ಚಗಿತ್ತು.

"ಏನೋ ಕೇಳ್ಬೇಕು ಅಂದಿದ್ಯಲ್ಲ ಬಂಗಾರ. ಸಂಜೆ ಆಯ್ತು. ಕೇಳು."

ಪುಟ್ಟಿ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಒಮ್ಮೆ ಅಜ್ಜಿಯ ಬೆನ್ನು ನೋಡಿದಳು. ಅಜ್ಜಿ ಒಲೆಯ ಮುಂದೆ ಅಲ್ಲಾಡದೆ ನಿಂತಿದ್ದರು. ಪುಟ್ಟಿ ದನಿ ತಗ್ಗಿಸಿದಳು. ಕೋಣೆ ಚಿಕ್ಕದು, ತಗ್ಗಿಸಿದರೂ ಎಲ್ಲರಿಗೂ ಕೇಳಿಸಿತು.

"ಆ ವಿಡಿಯೋದಲ್ಲಿ ಅಜ್ಜಿ ನಿನ್ನ ಹಿಂದೆ ಕೈ ಚಾಚ್ಕೊಂಡು ನಿಂತಿದ್ರಲ್ಲಮ್ಮಾ. ನೀನು ತಿರುಗಿ ನೋಡಿದೆ. ನೋಡಿನೂ ಯಾಕೆ ಕೊಡ್ಲಿಲ್ಲ?"